ಸಂಕಮ್ಮನ ಸಾರು ಮತ್ತು ತಿದ್ದಲಾಗದ ಪುಟ

ಹೊಳೆದಂಡೆಯ ಆ ಆಶ್ರಮವೆಂದರೆ ಒಂದು ಮನೆ, ಆರು ಜನ. ಗುರುಗಳು ಆಡಿದ ಮಾತುಗಳನ್ನೆಲ್ಲ ಶಿಷ್ಯ ಶಾಂತಚೇತನ ಟೈಪು ಮಾಡಿ, ಮನೆಮಂದಿಗೆಲ್ಲ ಸೇರಿದ ಒಂದು ಡ್ರೈವಿನಲ್ಲಿ ಇಟ್ಟಿದ್ದ. ಯಾರು ಬೇಕಾದರೂ ತಮ್ಮ ಮೊಬೈಲಿನಲ್ಲಿ ತೆರೆದು ಓದಬಹುದಿತ್ತು.

ಒಂದು ಬೆಳಗ್ಗೆ ಅಡುಗೆಯ ಸಂಕಮ್ಮ ಚೀಲ ಹಿಡಿದುಕೊಂಡು ಗುರುಗಳೂ ಶಾಂತಚೇತನನೂ ಕೂತಿದ್ದ ಪಡಸಾಲೆಗೆ ಬಂದಳು.

"ಹನ್ನೊಂದರ ಬಸ್ಸಿಗೆ ತಂಗಿ ಮನೆಗೆ ಹೋಗ್ತೀನಿ, ಬುದ್ಧಿ. ಇನ್ನು ಬೇರೆಯವರು ಅಡುಗೆ ಮಾಡ್ಲಿ."

"ಯಾಕಮ್ಮ?"

"ಹಿಂದೆ ನೀವೇ ಹೇಳಿದ್ದೀರಲ್ಲ, 'ಸಂಕಮ್ಮನ ಸಾರಿನಂತೆ ಬಾಳಬೇಡಿ, ಅದರಲ್ಲಿ ಉಪ್ಪೇ ಇರುವುದಿಲ್ಲ' ಅಂತ. ಓದಿದೆ."

ಗುರುಗಳ ಮುಖ ಅರಳಿತು. "ಓದಿದ್ಯಾ? ನೀನೇ?"

ಎರಡು ತಿಂಗಳಿಂದ ಅವಳಿಗೆ ಅಕ್ಷರ ಕಲಿಸುತ್ತಿದ್ದವರು ಅವರೇ.

"ಒತ್ತಕ್ಷರ ಸಮೇತ ಓದಿದೆ," ಎಂದಳು ಸಂಕಮ್ಮ, ಕಣ್ಣೊರೆಸಿಕೊಳ್ಳುತ್ತ.

ಗುರುಗಳು ಅವಳ ಕೈಯಲ್ಲಿದ್ದ ಚೀಲದ ಕಡೆ ನೋಡಿದರು.

"ಆ ದಿನ ನನಗೆ ನೆಗಡಿ. ನಾಲಿಗೆಗೆ ರುಚಿಯೇ ಹತ್ತಿರಲಿಲ್ಲ. ತಪ್ಪು ನಂದು. ಶಾಂತಚೇತನ, ಬಸ್ಸು ಬರೋದ್ರೊಳಗೆ ಆ ಮಾತು ತಿದ್ದು."

ಶಾಂತಚೇತನ ಆ ಪುಟ ತೆರೆದ. 'ಓದಲು ಮಾತ್ರ' ಎಂದಿತು ಕಂಪ್ಯೂಟರು. ಆ ಗುರುತನ್ನು ತೆಗೆದ; ಮರುಗಳಿಗೆಗೆ ಅದು ಮತ್ತೆ ಬಂದು ಕೂತಿತು. ಹೆಸರೇನೋ ಶಾಂತಚೇತನ, ಆದರೆ ಬೆವರು ಕಿತ್ತುಕೊಂಡು ಬಂತು.

"ಇನ್ನೊಂದು ಪ್ರತಿ ಮಾಡಿ, ಅದರಲ್ಲಿ ತಿದ್ದಿಡಲಾ, ಗುರುಗಳೇ?"

"ಆಗ ಉಪ್ಪು ಹಾಕದ ಸಂಕಮ್ಮ ಒಬ್ಬಳು, ಹಾಕಿದ ಸಂಕಮ್ಮ ಒಬ್ಬಳು. ಮಧ್ಯಾಹ್ನ ನಮಗೆ ಬಡಿಸೋಳು ಯಾರು?"

ಶಾಂತಚೇತನ ಡ್ರೈವಿನ ಸೆಟ್ಟಿಂಗ್ಸ್ ಹುಡುಕಿದ. ಅಲ್ಲಿತ್ತು ಗುಟ್ಟು. ಹಳೆಯ ಕಡತಗಳಿಗೆಲ್ಲ ಒಡೆಯ ಕೆಂಚಯ್ಯ. ಉಳಿದವರಿಗೆ ಓದುವ ಅನುಮತಿ ಮಾತ್ರ. ಶಾಂತಚೇತನನ ಕಿವಿ ಕೆಂಪಾಯಿತು.

"ಅದು ನನ್ನ ಹಳೇ ಹೆಸರು, ಗುರುಗಳೇ. ನಿಮ್ಮ ಮಾತನ್ನ ಯಾರೂ ಕೆಡಿಸಬಾರದು ಅಂತ ಆಗ ನಾನೇ ಬೀಗ ಹಾಕಿದ್ದೆ. ದೀಕ್ಷೆ ಆದಮೇಲೆ ಹೊಸ ಹೆಸರಲ್ಲಿ ಖಾತೆ ತೆರೆದೆ. ಕೆಂಚಯ್ಯನನ್ನ ಹೊಳೆಯಲ್ಲೇ ಬಿಟ್ಟು ಬಂದೆ."

"ಬೀಗದ ಕೈ ಅವನ ಹತ್ರಾನೇ ಉಳೀತಲ್ಲ. ಕರಿ ಅವನನ್ನ."

"ಬಿಟ್ಟ ಹೆಸರನ್ನ ಮತ್ತೆ ಹೇಗೆ..."

ಗುರುಗಳು ಎದ್ದು ಬಾಗಿಲಿಗೆ ಹೋದರು. ಹೊಳೆಯ ಕಡೆ ತಿರುಗಿ ಗಟ್ಟಿಯಾಗಿ ಕೂಗಿದರು: "ಕೆಂಚಯ್ಯ, ಬಾರಪ್ಪ, ಕೆಲಸ ಇದೆ."

ಒಳಗಿದ್ದ ಶಾಂತಚೇತನ "ಬಂದೆ" ಎಂದುಬಿಟ್ಟ.

ಸಂಕಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವನಿಗೂ ನಗು ತಡೆಯಲಾಗಲಿಲ್ಲ. ಮೂರು ವರ್ಷವಾದರೂ ಪಾಸ್‌ವರ್ಡು ಬೆರಳಿಗೆ ನೆನಪಿತ್ತು. ಕೆಂಚಯ್ಯನಾಗಿ ಒಳಹೊಕ್ಕು, ಶಾಂತಚೇತನನಿಗೆ ತಿದ್ದುವ ಅನುಮತಿ ಕೊಟ್ಟ.

"ಸಂಕಮ್ಮನಿಗೆ?" ಎಂದರು ಗುರುಗಳು.

"ಅವರು ಅಕ್ಷರ ತಪ್ಪು ಮಾಡಿದ್ರೆ?"

"ಅಕ್ಷರವೆಲ್ಲ ಸರಿಯಿದ್ದೂ ನಾನು ತಪ್ಪು ಹೇಳಿದ್ದೆನಲ್ಲ."

ಅವನು ಮನೆಯ ಆರೂ ಜನಕ್ಕೆ ಅನುಮತಿ ಕೊಟ್ಟ. ಗುರುಗಳು ಕೀಬೋರ್ಡನ್ನು ಸಂಕಮ್ಮನ ಮಡಿಲಲ್ಲಿಟ್ಟರು. ಅವಳು ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ ಬರೆದಳು: 'ಆ ದಿನ ಬುದ್ಧಿಯವರಿಗೆ ನೆಗಡಿ. ಸಾರಿಗೆ ಉಪ್ಪು ಸರಿ ಇತ್ತು.'

ಹೊರಗೆ ಬಸ್ಸು ಹಾರನ್ ಹೊಡೆದು ಹೊರಟುಹೋಯಿತು. ಸಂಕಮ್ಮ ತಲೆ ಎತ್ತಲಿಲ್ಲ. ತಾನು ಬರೆದದ್ದನ್ನು ಎರಡು ಸಲ ಗಟ್ಟಿಯಾಗಿ ಓದಿ, ಚೀಲ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಶಾಂತಚೇತನನಿಗೆ ಇಷ್ಟು ಖುಷಿ ಬಹಳ ದಿನದಿಂದ ಆಗಿರಲಿಲ್ಲ. ಆದರೂ ಕೈ ಸುಮ್ಮನಿರಬೇಕಲ್ಲ.

"ಈಗ ಮತ್ತೆ ಬೀಗ ಹಾಕಲಾ, ಗುರುಗಳೇ?"

"ಬೇಡಪ್ಪ. ನಾಳೆಯೂ ನಾನು ಮಾತಾಡುವವನೇ."