ಕೊಯ್ಯದಹೊಲ

ಬಿಳಿಗುಂಡಿನ ಬೆಟ್ಟಕ್ಕೆ ಹೋಗುವ ಜೀಪುದಾರಿ ನೆತ್ತಿಗೆ ಮುಟ್ಟುವ ಮುನ್ನ ಒಂದು ಇಳಿಜಾರು ಹುಲ್ಲುಗಾವಲನ್ನು ಬಳಸಿ ಹೋಗುತ್ತದೆ. ಉತ್ತ ಗುರುತಿಲ್ಲ, ಬಿತ್ತಿದ ಗುರುತಿಲ್ಲ. ಆದರೂ ಅದರ ಹೆಸರು ಕೊಯ್ಯದಹೊಲ. ಪೇಟೆಯಿಂದ ಬಂದವರು ‘ಸೋಮಾರಿಗಳ ಹೊಲವಿರಬೇಕು’ ಎಂದು ನಗುವುದುಂಟು. ನಗಲಿ ಪಾಪ, ಹೊಟ್ಟೆ ತುಂಬಿದವರಿಗೆ ಹಸಿದವರ ಹಟ ಎಲ್ಲಿ ತಿಳಿಯಬೇಕು!

ಹಿಂದೆ ಒಮ್ಮೆ, ಬಿಳಿಯರ ಆಳ್ವಿಕೆಯಲ್ಲಿ, ಕಾಡೆಲ್ಲ ಇನ್ನು ಸರ್ಕಾರದ್ದೆಂದು ಡಂಗುರ ಸಾರಿದ ಹೊಸತರಲ್ಲಿ, ಇಲ್ಲಿ ಸೋಲಿಗರ ಹಾಡಿಯಿತ್ತು. ಅದರ ಯಜಮಾನ ಜಡೇಗೌಡ. ಗಂಡ ಸತ್ತ ಮಗಳು ಬೊಮ್ಮಿ ಎದೆಗೂಸಿನೊಡನೆ ಅವನ ಗುಡಿಸಲಿನಲ್ಲೇ ಇದ್ದಳು. ಅಮಲ್ದಾರ ಕುದುರೆಯೇರಿ ಬಂದು, ಎಲ್ಲರೂ ಕೆಳಗಿನ ಬಯಲಿಗೆ ಇಳಿಯತಕ್ಕದ್ದೆಂದ. ಬಯಲೆಂದರೆ ಜೌಗು, ಚಳಿಜ್ವರದ ತವರು. “ರಾಗಿ ತೆನೆಗೆ ಬಂದದೆ ಬುದ್ದಿ, ಕೊಯ್ಯೋಗಂಟ ಬುಟ್ಕೊಡಿ” ಎಂದು ಜಡೇಗೌಡ ಕೈಮುಗಿದ. ದೊಡ್ಡಸ್ತಿಕೆ ಮೆರೆಸುವ ಚಪಲ ಯಾವ ಅಧಿಕಾರಿಗಿಲ್ಲ? “ಆಗಲಿ, ಮೊದಲ ತೆನೆ ಮುರಿದ ದಿನ ಇಳಿಯಬೇಕು. ಅಲ್ಲಿಯತನಕ ನಿಮ್ಮನ್ನು ಯಾರೂ ಮುಟ್ಟುವುದಿಲ್ಲ” ಎಂದು ನಾಲ್ಕು ಜನರೆದುರು ಮಾತು ಕೊಟ್ಟು, ಕಾವಲುಗಾರನೊಬ್ಬನನ್ನು ಕೂರಿಸಿ ಹೋದ. ಅಮಲ್ದಾರ ಬೆನ್ನು ತಿರುಗಿಸಿದ್ದೇ ತಡ, ಜಡೇಗೌಡ ಹಾಡಿಯ ಕುಡುಗೋಲುಗಳನ್ನೆಲ್ಲ ಸೂರಿಗೆ ಸಿಕ್ಕಿಸಿಬಿಟ್ಟ. ಕೊಯ್ದರಲ್ಲವೇ ಇಳಿಯುವ ಮಾತು!

ರಾಗಿ ಬಲಿಯಿತು, ಒಣಗಿತು, ಕಾಳು ಉದುರತೊಡಗಿತು. ಯಾರೂ ಮುಟ್ಟಲಿಲ್ಲ. ಗೆಣಸು ಅಗೆಯಲು ಕಾಡಿಗೆ ಹೊರಟರೆ ಕಾವಲುಗಾರ ಅಡ್ಡಗಟ್ಟುತ್ತಿದ್ದ. ಬೊಮ್ಮಿಯ ಎದೆಹಾಲು ಬತ್ತಿತು. ಕೂಸು ಅತ್ತಷ್ಟು ದಿನ ಅವಳು ಹೇಗೋ ತಡೆದುಕೊಂಡಳು. ಅದು ಅಳುವುದನ್ನೇ ನಿಲ್ಲಿಸಿದಾಗ ಅವಳಿಗೆ ಇನ್ನು ತಡೆಯಲಾಗಲಿಲ್ಲ. ನಡುಮಧ್ಯಾಹ್ನ, ಎಲ್ಲರ ಕಣ್ಣೆದುರಿಗೇ ಹೊಲಕ್ಕಿಳಿದು ಮಡಿಲು ತುಂಬ ತೆನೆ ಮುರಿದು ತಂದಳು. ಬೀಸಿ, ಗಂಜಿ ಕಾಸಿ, ಬೆರಳಿನಲ್ಲಿ ಅದ್ದಿ ಕೂಸಿಗೆ ಉಣಿಸಿದಳು. ಹಾಡಿಯವರು ಯಾರೂ ಅಡ್ಡ ಬರಲಿಲ್ಲ. ಕಾವಲುಗಾರ ಮಾತ್ರ ಸುದ್ದಿ ಹೊತ್ತು ಓಡಿದ. ಮರುದಿನವೇ ಸರ್ಕಾರದ ಆಳುಗಳು ಬಂದು ಗುಡಿಸಲುಗಳಿಗೂ ನಿಂತ ಬೆಳೆಗೂ ಬೆಂಕಿಯಿಟ್ಟರು.

ಇಳಿಯುವ ದಾರಿಯಲ್ಲಿ ಬೊಮ್ಮಿ, “ಹಾಡಿಯ ನಾನೇ ಹಾಳ್ಮಾಡ್ದಿ ಕನಪ್ಪ” ಎಂದು ಗೋಳಾಡಿದಳು.

“ಕೂಸು ಉಂಡದಾ?” ಎಂದ ಜಡೇಗೌಡ.

“ಉಂಡದೆ.”

“ಹಂಗಾರೆ ತಪ್ಪು ನಂದು ಕನವ್ವ. ನಾನೇ ಕೊಯ್ಬೇಕಾಗಿತ್ತು. ನಡಿ.”

ಆ ವರ್ಷವೇ ಬಯಲಿನ ಜ್ವರ ಅವನನ್ನು ತೆಗೆದುಕೊಂಡಿತು ಎನ್ನುತ್ತಾರೆ. ಕೂಸು ಬದುಕಿತು.

ಸುಗ್ಗಿ ಮುಗಿದ ಮೇಲೆ ಬಯಲಿನ ಸೋಲಿಗರು ಇಂದಿಗೂ ಇಲ್ಲಿಗೆ ಹತ್ತಿ ಬರುತ್ತಾರೆ. ತಾಯಂದಿರು ಹುಲ್ಲಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು, ಮನೆಯಿಂದ ತಂದ ರಾಗಿ ಅಂಬಲಿಯನ್ನು ಅವು ಸಾಕೆಂದು ಮುಖ ತಿರುಗಿಸುವತನಕ ಕುಡಿಸುತ್ತಾರೆ. ನೋಡಲು ಬಂದವರು ಫೋಟೋ ತೆಗೆಯುತ್ತಾರೆ. ಹೊತ್ತು ಇಳಿಯುವಾಗ ಅರಣ್ಯ ಇಲಾಖೆಯ ಕಾವಲುಗಾರ ಸೀಟಿ ಊದುತ್ತಾನೆ. ಗೇಟು ಮುಚ್ಚುವುದರೊಳಗೆ ಅವರೆಲ್ಲ ಬೆಟ್ಟ ಇಳಿದಿರಬೇಕು.