ಬೊಮ್ಮಕ್ಕನ ಕಲ್ಲು

ತುಂಬಾ ಹಿಂದೆ, ಈ ಗುಡ್ಡ ಇನ್ನೂ ಗುಡ್ಡವಾಗೇ ಇದ್ದ ಕಾಲದಲ್ಲಿ, ಇದರ ಬುಡದಲ್ಲಿ ಒಂದೂರಿತ್ತಂತೆ. ಊರು ಅಂದ್ರೆ ಕಲ್ಲು ಒಡೆಯೋರ ಗುಡಿಸಲುಗಳು, ಅಷ್ಟೇ. ಗಂಡಸ್ರು ಬಂಡೆ ಸೀಳೋರು, ಹೆಂಗಸ್ರು ಬಿಸಿಲಲ್ಲಿ ಕೂತು ಜಲ್ಲಿ ಮಾಡೋರು. ತಿನ್ನೋ ಮುದ್ದೇಲೂ ಕಲ್ಲಿನ ಧೂಳು, ಹೊದ್ಯೋ ಕಂಬಳೀಲೂ ಕಲ್ಲಿನ ಧೂಳು. ಅಲ್ಲಿ ಕೆಮ್ಮದೇ ಇರೋ ಮನುಷ್ಯ ಸಿಕ್ಕಿದ್ರೆ, ಯಾವೂರಪ್ಪಾ ನಿಂದು ಅಂತ ಕೇಳ್ತಿದ್ರಂತೆ.

ಆ ಊರಿಗೆ ಅಮಾವಾಸ್ಯೆಗೊಂದ್ಸಲ ಆಸ್ಪತ್ರೆ ಗಾಡಿ ಬರೋದಂತೆ. ಅಮಾವಾಸ್ಯೆ ದಿನ ಯಾರೂ ಸುತ್ತಿಗೆ ಮುಟ್ತಿರ್ಲಿಲ್ಲ, ಅದಕ್ಕೇ ಆವತ್ತು. ಆದ್ರೆ ಕತ್ತಲಾಗೋದ್ರೊಳಗೆ ಗಾಡಿ ಹೊರಡ್ಲೇಬೇಕಿತ್ತು. ದಾರಿಯುದ್ದಕ್ಕೂ ಕಲ್ಲು ತೆಗೆದ ಗುಂಡಿಗಳು, ಮೇಲೆ ಚಂದ್ರನೂ ಇಲ್ಲ.

ಮೊದಮೊದಲು ಗಾಡಿ ಬಂದ್ರೆ ನೂಕುನುಗ್ಗಲಂತೆ. ಒಂದ್ಸಲ ಮದ್ದಿನ ಸೀಸೆಗಳೆಲ್ಲ ಒಡೆದುಹೋದ್ವಂತೆ. ಹಿಂಗಾದ್ರೆ ನಾವು ಬರಲ್ಲ ಅಂದ್ಬಿಟ್ರಂತೆ ಡಾಕ್ಟ್ರು. ಆಗ ಮುಂದೆ ಬಂದೋಳು ನುಂಕಮ್ಮ. ಆಯಮ್ಮನೂ ಜಲ್ಲಿ ಒಡೆಯೋಳೇ. ಆಯಮ್ಮನ್ನ ಯಾರೂ ನೇಮಿಸ್ಲಿಲ್ಲ, ಕೂಲಿ ಕೊಡ್ತೀನಿ ಅಂತ ಯಾರೂ ಹೇಳ್ಲಿಲ್ಲ. ಮನೆಗೊಂದು ಕಲ್ಲು ತನ್ನಿ, ಬಂದ ಹಾಗೆ ಹೊಂಗೆ ಮರದ ಕೆಳಗೆ ಸಾಲಾಗಿಡಿ, ಕಲ್ಲಿನ ಸರದಿ ಬಂದಾಗ ನೀವು ಬನ್ನಿ ಅಂದ್ಲಂತೆ. ಒಬ್ಬೊಬ್ರ ಉಳಿ ಏಟೂ ಒಂದೊಂದ್ ತರ, ಯಾರ ಕಲ್ಲು ಯಾವುದು ಅಂತ ಎಲ್ರಿಗೂ ಗೊತ್ತಿತ್ತು. ಜಗಳ ನಿಂತೋಯ್ತು.

ಅವತ್ತಿಂದ ಪ್ರತಿ ಅಮಾವಾಸ್ಯೆ ನುಂಕಮ್ಮನೇ ಮರದ ಕೆಳಗೆ ಗುಡಿಸೋಳಂತೆ, ಕೊಡದಲ್ಲಿ ನೀರು ತಂದಿಡೋಳಂತೆ, ಸೂಜಿ ಚುಚ್ಚೋವಾಗ ಮಕ್ಕಳನ್ನ ತಬ್ಕೊಂಡು ಕೂರೋಳಂತೆ. ಆಯಮ್ಮ ಹಣೆ ಮುಟ್ಟಿದ್ರೆ ಅರ್ಧ ಜ್ವರ ಇಳಿಯೋದು ಅಂತಾರೆ. ಇರಬೋದು.

ಆಯಮ್ಮನ ಗಂಡನಿಗೂ ಕೆಮ್ಮು. ಒಂದಿನ ರಕ್ತ ಬಂತು. ನುಂಕಮ್ಮನಿಗೆ ತಡೀಲಿಲ್ಲ. ಯಾರೂ ನೋಡದಾಗ ತನ್ನ ಮನೆ ಕಲ್ಲನ್ನ ಸ್ವಲ್ಪ ಮುಂದಕ್ಕಿಟ್ಲಂತೆ. ಪಕ್ಕದ ಗುಡಿಸಲಿನ ಸಣ್ಣೀರಮ್ಮನ ಕಣ್ಣಿಗೆ ಬಿತ್ತು.

"ಏನಕ್ಕಾ, ನಿಮ್ಮನೆ ಕಲ್ಲಿಗೆ ಕಾಲು ಬಂದಂಗೈತೆ? ಬೆಳಿಗ್ಗೆ ಹಿಂದಿತ್ತು, ಈಗ ನಡ್ಕೊಂಡು ಮುಂದೆ ಬಂದೈತೆ."

ಎಲ್ರೂ ನಕ್ರು. ಅವಳ ಗಂಡನೂ ನಕ್ಕ, ನಗ್ತಾ ಕೆಮ್ಮಿದ, ಕೆಮ್ತಾನೇ ಹೋಗಿ ಕಲ್ಲನ್ನೆತ್ತಿ ಸಾಲಿನ ಕೊನೇಲಿಟ್ಟ. ಅವನು ಬಹಳ ಕಾಲ ಉಳೀಲಿಲ್ಲ. ಆದ್ರೆ ನುಂಕಮ್ಮನ ಮನೆ ಕಲ್ಲು ಆಮೇಲೆ ಯಾವತ್ತೂ ಕೊನೇಲೇ ಇರ್ತಿತ್ತಂತೆ. ಮೊದಲು ಬಂದ್ರೂ ಕೊನೇಲೇ.

ಅವಳಿಗಿದ್ದಿದ್ದು ಒಬ್ಳೇ ಮಗಳು, ಬೊಮ್ಮಕ್ಕ. ಆಗಷ್ಟೇ ಚಿಕ್ಕ ಸುತ್ತಿಗೆ ಹಿಡಿಯೋಕೆ ಕಲ್ತಿದ್ಲು. ಒಂದ್ ಅಮಾವಾಸ್ಯೆಗೆ ಬೊಮ್ಮಕ್ಕನಿಗೆ ಮೈ ಕೆಂಡ. ಕುಡಿಸಿದ ನೀರೂ ನಿಲ್ತಿರ್ಲಿಲ್ಲ. ನುಂಕಮ್ಮ ಮಗಳನ್ನ ಹೊತ್ಕೊಂಡು ಬಂದು ಮರದ ಹಿಂಬದಿಗೆ ಒರಗಿಸಿದ್ಲು. ಮಗಳು ಕೈಯಾರೆ ಒಡೆದ ಮೊದಲನೇ ಕಲ್ಲನ್ನೇ ತಂದಿದ್ಲು. ಅದನ್ನೂ ಕೊನೇಲೇ ಇಟ್ಲು.

ಆವತ್ತೇ ಪಕ್ಕದೂರಿನ ಜನಾನೂ ಬಂದಿದ್ರಂತೆ. ಸಾಲು ಕರಗ್ಲೇ ಇಲ್ಲ.

"ಅವ್ವಾ, ನನ್ ಕಲ್ಲು ಎಲ್ಲಿಗ್ ಬಂತು?"

"ಬಂತು ಮಗಾ, ಇನ್ನೇನ್ ಬಂತು."

ನುಂಕಮ್ಮ ಓಡಾಡ್ತಾನೇ ಇದ್ಲು. ಯಾರದೋ ಮಗೂನ ಹಿಡ್ಕೊಂಡ್ಲು, ಯಾರದೋ ಗಾಯ ತೊಳೆದ್ಲು. ಕಣ್ಣು ಮಾತ್ರ ಮರದ ಬುಡದಲ್ಲಿ.

"ಅವ್ವಾ, ಎಲ್ಲಿಗ್ ಬಂತು?"

"ಬಂತು ಮಗಾ."

ಹೊತ್ತು ಇಳೀತು. ಡ್ರೈವರು ಹಾರ್ನ್ ಹೊಡೆದ. ಇನ್ನೊಬ್ರನ್ನ ನೋಡ್ಬೋದು, ತೀರಾ ಕಷ್ಟದಲ್ಲಿರೋರು ಯಾರಾದ್ರೂ ಇದ್ದೀರಾ ಅಂತ ಕೇಳಿದ್ರಂತೆ ಡಾಕ್ಟ್ರು. ಮರದ ಹಿಂದಿದ್ದ ಹುಡುಗಿ ಅವರಿಗೆ ಕಾಣ್ಲಿಲ್ಲ. ಸರದಿ ಸಣ್ಣೀರಮ್ಮಂದು. ಅವಳ ಮಗನಿಗೆ ಕಿವಿ ನೋವು. ಸಣ್ಣೀರಮ್ಮ ನುಂಕಮ್ಮನ ಮುಖ ನೋಡಿದ್ಲು. ನುಂಕಮ್ಮನಿಗೆ ಮಾತು ಗಂಟಲವರೆಗೂ ಬಂತು. ಅವತ್ತಿನ ನಗು ನೆನಪಾಯ್ತು. ಮಾತು ಅಲ್ಲೇ ನಿಂತೋಯ್ತು.

ಇಲ್ಲಿ ಒಬ್ಬೊಬ್ರು ಒಂದೊಂದ್ ತರ ಹೇಳ್ತಾರೆ. ಬಾಯಿಬಿಟ್ಟು ಕೇಳಿದ್ರೆ ಬಿಟ್ಕೊಡ್ತಿದ್ದೆ ಅಂತ ಸಣ್ಣೀರಮ್ಮ ಸಾಯೋವರೆಗೂ ಹೇಳ್ತಿದ್ಲಂತೆ. ನುಂಕಮ್ಮನ ಮುಖ ನೋಡಿದ್ಲಲ್ಲ, ಇನ್ನೇನ್ ಕೇಳ್ಬೇಕಿತ್ತು ಅಂತ ಬೇರೆಯವ್ರು ಅಂತಾರೆ. ಅಂತೂ ಆ ಹುಡುಗನ ಕಿವಿಗೆ ಮದ್ದು ಬಿತ್ತು, ಗಾಡಿ ಹೊರಟೋಯ್ತು. ಬೆಳಕು ಹರಿಯೋ ಹೊತ್ತಿಗೆ ಬೊಮ್ಮಕ್ಕ ಇರ್ಲಿಲ್ಲ.

ಮುಂದಿನ ಅಮಾವಾಸ್ಯೆಗೆ ನುಂಕಮ್ಮ ಬರಲ್ಲ ಅಂದ್ಕೊಂಡಿದ್ರು ಎಲ್ರೂ. ಆದ್ರೆ ಬೆಳಿಗ್ಗೆ ನೋಡಿದ್ರೆ ಮರದ ಕೆಳಗೆ ಗುಡಿಸಿತ್ತು, ಕೊಡದಲ್ಲಿ ನೀರಿತ್ತು. ನುಂಕಮ್ಮ ಬೊಮ್ಮಕ್ಕನ ಕಲ್ಲನ್ನ ತಂದು, ಎಲ್ಲಾ ಕಲ್ಲುಗಳಿಗಿಂತ ಮುಂದೆ ಇಟ್ಲು. ಯಾರೂ ನಗ್ಲಿಲ್ಲ.

ಮೊದಲನೇ ಕಲ್ಲು ಯಾರ್ದು ಬನ್ನಿ ಅಂದ್ರು ಡಾಕ್ಟ್ರು. ಯಾರೂ ಏಳ್ಲಿಲ್ಲ.

"ಕೇಳೋಕೆ ಬಾಯಿ ಬರದೇ ಇರೋರನ್ನ ಕರ್ಕೊಂಡ್ ಬನ್ನಿ," ಅಂದ್ಲಂತೆ ನುಂಕಮ್ಮ. "ಇದು ಅವರ ಜಾಗ."

ಆಗ ಎದ್ದೋಳು ಸಣ್ಣೀರಮ್ಮನೇ ಅಂತೆ. ಸಾಲಿನ ಹಿಂದಕ್ಕೆ ಹೋಗಿ, ಕಂಬಳಿ ಹೊದ್ದು ನಡುಗ್ತಾ ಕೂತಿದ್ದ ಯಾರೋ ಬೇರೆ ಊರಿನ ಮುದುಕಿಯನ್ನ ಎತ್ಕೊಂಡು ಬಂದು ಆ ಕಲ್ಲಿನ ಹತ್ರ ಕೂರಿಸಿದ್ಲು. ನುಂಕಮ್ಮ ಮುದುಕಿ ಹಣೆ ಮೇಲೆ ಕೈಯಿಟ್ಲು. ಅವರಿಬ್ರೂ ಆಮೇಲೆ ಯಾವತ್ತಾದ್ರೂ ಮಾತಾಡಿದ್ರೋ ಇಲ್ವೋ, ಯಾರಿಗೂ ಗೊತ್ತಿಲ್ಲ.

ಈಗ ಗುಡ್ಡ ಇಲ್ಲ. ಪೂರ್ತಿ ಜಲ್ಲಿಯಾಗಿ ಯಾವ್ಯಾವುದೋ ರಸ್ತೆಗೆ ಹೋಯ್ತು. ಆ ಒಂದು ಕಲ್ಲಿಗೆ ಮಾತ್ರ ಯಾರೂ ಸುತ್ತಿಗೆ ಎತ್ತಿಲ್ಲ. ಇವತ್ತಿಗೂ ಗಾಡಿ ಬಂದ ದಿನ ಅದು ಸಾಲಿನ ಮುಂದಿರುತ್ತೆ. ಊರಿನ ಹೆಂಗಸೊಬ್ಬಳು ಎದ್ದು ಕೊನೇವರೆಗೂ ನಡೀತಾಳೆ. ಯಾರನ್ನೂ ಏನೂ ಕೇಳಲ್ಲ. ಒಬ್ಬೊಬ್ರ ಹಣೆಯನ್ನೂ ಮುಟ್ಟಿ ನೋಡ್ತಾ ಹೋಗ್ತಾಳೆ. ಅವಳು ವಾಪಸ್ ಬರೋವರೆಗೂ ಎರಡನೇ ಕಲ್ಲಿನವ್ರು ಏಳಲ್ಲ.