ದಿಬ್ಬಣದ ವ್ಯಾನು

ಗದಗಿನ ಬಡಗಿ ಮೌನೇಶಪ್ಪನ ಹೆಂಡತಿ ಕಾಳವ್ವನಿಗೆ ಡಾಕ್ಟರು ಇನ್ನು ಎರಡೇ ತಿಂಗಳು ಅಂದಿದ್ದರು. ಅವಳಿಗೆ ಕಾರವಾರದ ಸಮುದ್ರ ನೋಡುವ ಆಸೆ. ಆದರೆ ಅಷ್ಟು ದೂರ ಕೂತು ಹೋಗುವ ಶಕ್ತಿ ಇರಲಿಲ್ಲ. ಹಳೇ ವ್ಯಾನೊಂದನ್ನು ಕೊಂಡು, ಒಳಗೆ ತಾನೇ ಮಂಚ ಕೂಡಿಸೋಣವೆಂದು ಮೌನೇಶಪ್ಪ ಹೊರಟ.

ಹಳೇ ಗಾಡಿ ಮಾರುವ ಅಂದಾನಪ್ಪ ಸಾವಕಾರ ಒಂದು ಬಿಳಿ ವ್ಯಾನು ತೋರಿಸಿದ. "ಮದುವಿ ದಿಬ್ಬಣದ ಗಾಡಿ ಇದು. ಎರಡು ಲಕ್ಷಕ್ಕ ಒಂದು ಪೈಸೆ ಕಮ್ಮಿ ಇಲ್ಲ," ಎಂದು ಮೀಸೆ ತಿರುವಿದ.

ಮೌನೇಶಪ್ಪ ಒಳಗೆ ಬಗ್ಗಿ ನೋಡಿದ. ಹೊಸ ಬಣ್ಣದ ಕೆಳಗೆ, ಹೆಣ ಮಲಗಿಸಿದ ಹಲಗೆ ಜಾರಿಸುವ ಕಬ್ಬಿಣದ ಹಳಿಗಳಿದ್ದವು. ಹೋದ ವರ್ಷ ಅವನ ಅಣ್ಣನನ್ನು ಸ್ಮಶಾನಕ್ಕೆ ಒಯ್ದದ್ದು ಇದೇ ಗಾಡಿಯಲ್ಲಿ. ಅವನು ಆ ಹಳಿಗಳ ಮೇಲೆ ಒಮ್ಮೆ ಕೈಯಾಡಿಸಿದ. ಆಮೇಲೆ ಮೆಲ್ಲಗೆ ಹೇಳಿದ:

"ಆಗಲಿ ಸಾವಕಾರ್ರ, ಅಷ್ಟೂ ಕೊಡ್ತೀನಿ. ಮೊದಲ ನೀವು ಇದರಾಗ ಅಂಗಾತ ಮಲಗ್ರಿ. ಬಜಾರದಾಗ ಒಂದು ಸುತ್ತು ಹೋಗಿ ಬರೋಣು. ನನಗ ಮಂಚದ ಅಳತಿನೂ ಸಿಗತೈತಿ."

ಸಾವಕಾರನ ಮೀಸೆ ಇಳಿಯಿತು, ಹಣೆ ಬೆವರಿತು. "ಐವತ್ತು ಸಾವಿರ ಕೊಟ್ಟು ತಗೊಂಡು ಹೋಗೋ ಮಾರಾಯಾ," ಎಂದು ಕೀಲಿಕೈ ಎಸೆದ.

ಮನೆಗೆ ಬಂದ ಮೌನೇಶಪ್ಪ ಹೆಂಡತಿಯಿಂದ ಏನನ್ನೂ ಮುಚ್ಚಿಡಲಿಲ್ಲ. ಕಾಳವ್ವ ಬಹಳ ದಿನದ ಮೇಲೆ ನಕ್ಕಳು.

"ಹಂಗಾರ ಇದರಾಗ ಮಲಕೊಂಡು ಹೋಗಿ ಎದ್ದು ಬಂದಾಕಿ ನಾ ಒಬ್ಬಾಕಿನ ಆಗ್ತೀನಿ. ಮಂಚ ಲಗೂ ಮಾಡ್ರಿ."